ಸಮುದ್ರ ಅಕ್ವೇರಿಯಂ ಮೀನುಗಳ ಚರ್ಮದ ಗಾಯಗಳು: ರೋಗನಿರ್ಣಯ ಮತ್ತು ಚಿಕಿತ್ಸೆ

ಉಪ್ಪುನೀರಿನ ತೊಟ್ಟಿಗಳಲ್ಲಿ ಸಾಕುವ ಸಮುದ್ರ ಮೀನುಗಳ ಮೈಮೇಲೆ ಕಾಣಿಸಿಕೊಳ್ಳುವ ಬಿಳಿ ಚುಕ್ಕೆ, ಗಂಟು, ಕೆಂಪು ಕಲೆ, ಹುರುಪೆ ಉದುರಿದ ಜಾಗ, ತೆರೆದ ಹುಣ್ಣು, ಕೊಳೆತ ರೆಕ್ಕೆಯಂಚು ಮೊದಲಾದ ವಿಕಾರಗಳನ್ನು ಒಟ್ಟಾಗಿ ಚರ್ಮದ ಗಾಯಗಳೆಂದು ಪರಿಗಣಿಸಲಾಗುತ್ತದೆ. ಇವು ತಾವೇ ರೋಗಗಳಲ್ಲ, ರೋಗದ ಗುರುತುಗಳು. ಏಕಕೋಶ ಜೀವಿಗಳು, ಚಪ್ಪಟೆ ಹುಳುಗಳು, ಬ್ಯಾಕ್ಟೀರಿಯಾ, ವೈರಸ್ ಹಾಗೂ ಅಪರೂಪಕ್ಕೆ ಶಿಲೀಂಧ್ರಗಳು ಇವಕ್ಕೆ ಕಾರಣವಾಗುವಂತೆಯೇ ಒಡನಾಡಿ ಮೀನಿನ ಕಚ್ಚಾಟ, ಬಲೆಯ ಉಜ್ಜು, ಕೆಟ್ಟ ನೀರು ಮತ್ತು ಕೊರತೆಯ ಆಹಾರವೂ ಕಾರಣವಾಗುತ್ತವೆ. ಮೀನಿನ ಚರ್ಮ ಯಾವುದೇ ಉಪಟಳಕ್ಕೆ ಲೋಳೆಯನ್ನು ಹೆಚ್ಚಾಗಿ ಸುರಿಸುವುದು, ಕೆಂಪೇರುವುದು, ದಪ್ಪವಾಗುವುದು, ಬಣ್ಣಗೆಡುವುದು, ಕೊನೆಗೆ ಕಳಚಿಹೋಗುವುದು ಎಂಬ ಕೆಲವೇ ಬಗೆಗಳಲ್ಲಿ ಪ್ರತಿಕ್ರಿಯಿಸಬಲ್ಲದಾದ್ದರಿಂದ, ತೀರ ಭಿನ್ನವಾದ ಕಾರಣಗಳು ಒಂದೇ ತೆರನ ಗಾಯವನ್ನು ಉಂಟುಮಾಡುವುದು ಸಾಮಾನ್ಯ. ಬರಿಗಣ್ಣಿನ ಊಹೆಯನ್ನು ನಂಬಿ ಔಷಧ ಸುರಿಯುವ ಪದ್ಧತಿ ಈ ಕ್ಷೇತ್ರದಲ್ಲಿ ವ್ಯಾಪಕವಾಗಿದ್ದು, ಅದರಿಂದ ಸತ್ತ ಮೀನುಗಳನ್ನೂ ರೋಗದ ಲೆಕ್ಕಕ್ಕೇ ಬರೆಯುವ ವಾಡಿಕೆಯಿದೆ.

ಚರ್ಮದ ರಚನೆ ಮತ್ತು ಲವಣ ಸಮತೋಲನ

ಸಸ್ತನಿಗಳ ಚರ್ಮವನ್ನು ಹೊರಗಿನಿಂದ ಮುಚ್ಚಿರುವ ಸತ್ತ ಕೆರಾಟಿನ್ ಪದರ ಮೀನುಗಳಲ್ಲಿಲ್ಲ. ಅವುಗಳ ಹೊರಚರ್ಮದ ತೀರ ಮೇಲಿನ ಕೋಶವೂ ಜೀವಂತವಾಗಿರುತ್ತದೆ. ಈ ತೆಳುವಾದ ಹೊರಚರ್ಮದಲ್ಲಿ ಹರಡಿರುವ ಗಾಬ್ಲೆಟ್ ಕೋಶಗಳು ಲೋಳೆಯನ್ನು ಸ್ರವಿಸುತ್ತವೆ. ಲೈಸೋಜೈಮ್ ಎಂಬ ಕಿಣ್ವವನ್ನೂ ಪ್ರತಿಕಾಯಗಳನ್ನೂ ಒಳಗೊಂಡ ಈ ಲೋಳೆ ಸೂಕ್ಷ್ಮಜೀವಿಗಳ ವಿರುದ್ಧದ ಮೊದಲ ತಡೆ. ಹುರುಪೆಗಳು ಮೇಲಿನಿಂದ ಅಂಟಿಸಿದ ಹೊದಿಕೆಯೆಂಬ ಕಲ್ಪನೆ ಸಾಮಾನ್ಯವಾದರೂ ಅದು ತಪ್ಪು. ಅವು ಒಳಚರ್ಮದಲ್ಲಿ ಬೇರೂರಿದ್ದು ಹೊರಚರ್ಮವೇ ಅವುಗಳ ಮೇಲೆ ಹಾಯ್ದಿರುತ್ತದೆ. ಆದ್ದರಿಂದ ಒಂದು ಹುರುಪೆ ಉದುರಿತೆಂದರೆ ಅಲ್ಲಿ ಹೊರಚರ್ಮ ಹರಿದಿದೆಯೆಂದೇ ಅರ್ಥ.

ಈ ಹರುಕಿನ ಪರಿಣಾಮ ಸಿಹಿನೀರಿನ ಮೀನಿನಲ್ಲಿ ಒಂದು ಬಗೆಯಾದರೆ ಸಮುದ್ರ ಮೀನಿನಲ್ಲಿ ಅದಕ್ಕೆ ನೇರ ವಿರುದ್ಧ. ಸಮುದ್ರದ ನೀರಿನ ಲವಣತೆ ಸಾವಿರಕ್ಕೆ ಸುಮಾರು 35 ಭಾಗವಿದ್ದರೆ, ಅದರಲ್ಲಿ ಬಾಳುವ ಎಲುಬುಮೀನಿನ ರಕ್ತದ ಸಾಂದ್ರತೆ ಅದರ ಮೂರನೇ ಒಂದು ಭಾಗದಷ್ಟು ಮಾತ್ರ. ಕಡಿಮೆ ಸಾಂದ್ರತೆಯ ಕಡೆಯಿಂದ ಹೆಚ್ಚು ಸಾಂದ್ರತೆಯ ಕಡೆಗೆ ಪೊರೆಯ ಮೂಲಕ ನೀರು ಸಾಗುವ ಅಭಿಸರಣೆಯೆಂಬ ಕ್ರಿಯೆಯಿಂದಾಗಿ ಮೀನಿನ ದೇಹದ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಕಡಲ ನೀರನ್ನೇ ಕುಡಿದು, ಜೊತೆಗೆ ಬಂದ ಹೆಚ್ಚಿನ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳ ಮೂಲಕ ಹೊರಹಾಕುತ್ತದೆ. ಚರ್ಮ ಹರಿದಾಗ ಸೋರಿಕೆ ಹೆಚ್ಚುತ್ತದೆ, ಉಪ್ಪು ಒಳಕ್ಕೆ ನುಗ್ಗುತ್ತದೆ. ಹೀಗೆ ಅಗಲವಾದ ಹುಣ್ಣುಳ್ಳ ಸಮುದ್ರ ಮೀನು ನೀರಿನ ನಡುವೆಯೇ ನಿರ್ಜಲೀಕರಣದಿಂದ ಸಾಯಬಹುದು, ಸೋಂಕು ರಕ್ತಕ್ಕೆ ಇಳಿಯುವವರೆಗೂ ಕಾಯಬೇಕಿಲ್ಲ. ಗಾಯದ ಆಳಕ್ಕಿಂತ ಅಗಲವನ್ನು ಮೊದಲು ಅಳೆಯಬೇಕೆಂಬ ಚಿಕಿತ್ಸಕರ ರೂಢಿಗೆ ಇದೇ ಆಧಾರ. ರಕ್ತದಲ್ಲಿ ಯೂರಿಯಾ ಉಳಿಸಿಕೊಂಡು ಕಡಲಿನ ಸಾಂದ್ರತೆಗೆ ಸರಿತೂಗುವ ಶಾರ್ಕ್ ಮತ್ತು ತೊರಕೆ ಮೀನುಗಳಿಗೆ ಈ ವಿವರಣೆ ಅನ್ವಯಿಸದು. ಔಷಧವಾಗಿ ಬಳಸುವ ತಾಮ್ರಕ್ಕೂ ಅವು ಬಹು ಬೇಗ ಸೋಲುವುದರಿಂದ ಅವುಗಳ ಚಿಕಿತ್ಸೆಯೇ ಬೇರೆ.

ಪರಿಶೀಲನೆಯ ಕ್ರಮ

ಪರಿಶೀಲನೆ ನೀರಿನಿಂದ ಆರಂಭವಾಗುತ್ತದೆ. ಉಷ್ಣತೆ, ಲವಣತೆ, ಪಿಎಚ್, ಅಮೋನಿಯಾ, ನೈಟ್ರೈಟ್ ಮತ್ತು ಕರಗಿದ ಆಮ್ಲಜನಕವನ್ನು ಅಳೆಯದೆ ಮೀನನ್ನು ಮುಟ್ಟುವುದು ಸರಿಯಲ್ಲ. ಉಷ್ಣವಲಯದ ಹವಳದ ದಿಬ್ಬಗಳ ಮೀನುಗಳಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 8.0ರಿಂದ 8.4ರವರೆಗಿನ ಪಿಎಚ್ ವಾಡಿಕೆಯ ಮಟ್ಟ. ಅಮೋನಿಯಾದ ವಿಷಕಾರಿ ರೂಪವಾದ ಅಯಾನೀಕರಿಸದ ಅಂಶ ಪಿಎಚ್ ಏರಿದಂತೆ ಹೆಚ್ಚುವುದರಿಂದ, ಸಿಹಿನೀರಿನ ತೊಟ್ಟಿಯಲ್ಲಿ ಸಹ್ಯವೆನಿಸುವ ಅಮೋನಿಯಾ ಉಪ್ಪುನೀರಿನಲ್ಲಿ ಚರ್ಮವನ್ನೂ ಕಿವಿರನ್ನೂ ಸುಡಬಲ್ಲದು. ನೈಟ್ರೈಟಿನ ವಿಷಯ ಇದಕ್ಕೆ ವಿರುದ್ಧವಾಗಿದ್ದು, ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್ ಅದು ಮೀನಿನ ದೇಹ ಸೇರದಂತೆ ಬಹುಮಟ್ಟಿಗೆ ತಡೆಯುತ್ತದೆ.

ಆ ಬಳಿಕ ತೊಟ್ಟಿಯ ಚರಿತ್ರೆ: ಹೊಸ ಮೀನು, ಹವಳ ಅಥವಾ ಕಲ್ಲು ಬಂದದ್ದು ಯಾವಾಗ, ಗಾಯ ಮೊದಲು ಕಂಡದ್ದು ಯಾವ ಮೀನಿನಲ್ಲಿ, ಎಷ್ಟು ಮೀನುಗಳಿಗೆ ಹರಡಿದೆ, ಈಗಾಗಲೇ ಏನೇನು ಔಷಧ ಹಾಕಲಾಗಿದೆ. ಒಂದೇ ಮೀನಿಗೆ ಒಂದೇ ಪಕ್ಕದಲ್ಲಿ ಗಾಯವಾಗಿ ಉಳಿದವು ಆರೋಗ್ಯವಾಗಿದ್ದರೆ ಕಚ್ಚಾಟ ಅಥವಾ ಪೆಟ್ಟು, ಕೆಲವೇ ದಿನಗಳಲ್ಲಿ ಹಲವು ಜಾತಿಗಳಿಗೆ ಹರಡಿದರೆ ಪರೋಪಜೀವಿ, ತೊಟ್ಟಿಯ ಎಲ್ಲ ಮೀನುಗಳೂ ಒಂದೇ ಹೊತ್ತಿನಲ್ಲಿ ಬಳಲಿದರೆ ನೀರು ಎಂದು ಮೊದಲ ಸಂಶಯ ಪಡಬಹುದು. ಮೀನನ್ನು ಹಿಡಿಯುವ ಮುನ್ನ ದೂರದಿಂದ ಅದರ ನಡೆಯನ್ನು ಗಮನಿಸುವುದು ಅಗತ್ಯ. ಕಿವಿರುಮುಚ್ಚಳದ ಬಡಿತದ ವೇಗ, ಕಲ್ಲಿಗೆ ಮೈ ಉಜ್ಜುವುದು, ನೀರು ಚಿಮ್ಮುವ ಪಂಪಿನೆದುರು ನಿಂತುಬಿಡುವುದು, ಮೇವು ಬಿಡುವುದು ಇವೆಲ್ಲ ಗಾಯದಷ್ಟೇ ಮಾತನಾಡುತ್ತವೆ. ಹಳದಿ ಟ್ಯಾಂಗ್ ಎಂಬ ಸರ್ಜನ್ ಮೀನು ರಾತ್ರಿಯಲ್ಲಿ ಮಂಕಾಗಿ ಪಕ್ಕೆಯ ಮೇಲೆ ಬಿಳಿ ಪಟ್ಟೆ ತಳೆಯುವುದೂ, ರ‍್ಯಾಬಿಟ್ ಮೀನು ಬೆದರಿದಾಗ ಮೈತುಂಬ ಕಂದು ಮಚ್ಚೆಗಳನ್ನು ತೋರಿಸುವುದೂ ಸಹಜ ಕ್ರಿಯೆಗಳಾಗಿದ್ದು, ದೀಪ ಹಾಕಿದ ಕೂಡಲೇ ನೋಡಿ ರೋಗವೆಂದು ಭ್ರಮಿಸಿದವರು ಕಡಿಮೆಯಿಲ್ಲ.

ನಿರ್ಣಾಯಕ ಪರೀಕ್ಷೆಯೆಂದರೆ ಚರ್ಮದಿಂದ ಕೆರೆದು ತೆಗೆದ ಲೋಳೆಯನ್ನು, ಅಂದರೆ ಕೆರೆತವನ್ನು, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಟ್ರೈಕೇನ್ ಅಥವಾ ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಬೆರೆಸಿದ ನೀರಿನಲ್ಲಿ ಮೀನನ್ನು ಮಂಪರಿಗೆ ತಂದು, ಗಾಜಿನ ಕವರ್‌ಸ್ಲಿಪ್ಪಿನ ಅಂಚಿನಿಂದ ತಲೆಯಿಂದ ಬಾಲದ ದಿಕ್ಕಿಗೆ ನವಿರಾಗಿ ಎಳೆದು ಲೋಳೆಯನ್ನು ತೆಗೆಯಲಾಗುತ್ತದೆ. ಹುಣ್ಣಿನ ನಡುವೆ ಕೊಳೆತ ಅಂಗಾಂಶವನ್ನು ತಿನ್ನಲು ಬಂದ ಜೀವಿಗಳೇ ತುಂಬಿರುವುದರಿಂದ ಮಾದರಿಯನ್ನು ಹುಣ್ಣಿನ ಅಂಚಿನಲ್ಲಿ, ಹಸಿ ಮತ್ತು ಆರೋಗ್ಯದ ಚರ್ಮ ಕೂಡುವಲ್ಲಿ ತೆಗೆಯಬೇಕು. ಗಾಜುಪಟ್ಟಿಯ ಮೇಲೆ ಹಾಕುವ ಹನಿ ಅದೇ ತೊಟ್ಟಿಯ ಉಪ್ಪುನೀರಿನದಾಗಿರಬೇಕು. ನಲ್ಲಿ ನೀರು ಹಾಕಿದರೆ ಕಾಣಬೇಕಾದ ಜೀವಿಗಳೇ ಒಡೆದುಹೋಗುತ್ತವೆ. ನಾಲ್ಕಾರು ನಿಮಿಷಗಳೊಳಗೆ 40 ಮತ್ತು 100 ಪಟ್ಟು ಹಿಗ್ಗಿಸಿ ನೋಡಿದರೆ ಸಾಕು, ಏಕೆಂದರೆ ಜೀವಿಗಳ ಆಕಾರಕ್ಕಿಂತಲೂ ಅವುಗಳ ಚಲನೆ ಗುರುತಿಗೆ ಹೆಚ್ಚು ನೆರವಾಗುತ್ತದೆ ಮತ್ತು ಸತ್ತ ಪರೋಪಜೀವಿಗೆ ಚಲನೆಯಿಲ್ಲ. ಸತ್ತು ಕೆಲವು ಗಂಟೆ ಕಳೆದ ಮೀನನ್ನು ಬಹುತೇಕ ಪರೋಪಜೀವಿಗಳು ಬಿಟ್ಟುಹೋಗಿರುತ್ತವೆ. ಮಂಜುಗಡ್ಡೆಯಾಗಿಸಿ ಕಳಿಸಿದ ಮೀನಿನಿಂದಂತೂ ಈ ಪರೀಕ್ಷೆಗೆ ಏನೂ ದೊರೆಯದು.

ಪರೋಪಜೀವಿಗಳು

ಸಮುದ್ರದ ಬಿಳಿಚುಕ್ಕೆ ರೋಗವನ್ನು ತರುವ ಕ್ರಿಪ್ಟೊಕೇರಿಯಾನ್ ಇರಿಟಾನ್ಸ್, ಮೈಮೇಲಿನ ಸೂಕ್ಷ್ಮ ಲೋಮಗಳಿಂದ ಚಲಿಸುವ ಏಕಕೋಶ ಜೀವಿ. ಜಪಾನಿನಲ್ಲಿ 1930ರ ದಶಕದಲ್ಲಿ ವಿವರಿಸಲಾದ ಇದಕ್ಕೆ ಈಗಿನ ಹೆಸರು ಬಂದದ್ದು 1951ರಲ್ಲಿ. ಅರ್ಧ ಮಿಲಿಮೀಟರಿನಷ್ಟಿರುವ ಪ್ರತಿಯೊಂದು ಚುಕ್ಕೆಯೂ ಹೊರಚರ್ಮದ ಕೆಳಗೆ ಹುದುಗಿ ಅಂಗಾಂಶವನ್ನು ತಿನ್ನುತ್ತಿರುವ ಒಂದು ಜೀವಿ. ಸೂಕ್ಷ್ಮದರ್ಶಕದಲ್ಲಿ ಅದು ಕಪ್ಪಗೆ, ಗುಂಡಗೆ, ನಿಲ್ಲದೆ ಸುತ್ತುತ್ತಿರುವಂತೆ ಕಾಣುತ್ತದೆ. ಮೂರರಿಂದ ಏಳು ದಿನಗಳ ನಂತರ, ಹೆಚ್ಚಾಗಿ ಕತ್ತಲಿನ ಹೊತ್ತಿನಲ್ಲಿ, ಅದು ಮೀನನ್ನು ಬಿಟ್ಟು ತಳದ ಮರಳಿಗೋ ಕಲ್ಲಿಗೋ ಅಂಟಿ ಕೋಶಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೆ ನೂರಾರು ಮರಿಗಳಾಗಿ ಒಡೆದು, ಕೆಲವೇ ದಿನಗಳಿಂದ ಹಿಡಿದು ಹಲವು ವಾರಗಳವರೆಗಿನ ಅವಧಿಯಲ್ಲಿ ಹೊರಬರುವ ಈಜುವ ಮರಿಗಳು ಒಂದೆರಡು ದಿನಗಳೊಳಗೆ ಮೀನನ್ನು ಸೇರದಿದ್ದರೆ ಸಾಯುತ್ತವೆ. ಚಿಕಿತ್ಸೆಯಿಲ್ಲದೆಯೇ ಚುಕ್ಕೆಗಳು ಮಾಯವಾಗಿ, ವಾರ ಕಳೆದು ಹತ್ತು ಪಟ್ಟು ಮರಳಿಬರುವುದರ ಗುಟ್ಟು ಈ ಜೀವನಚಕ್ರದಲ್ಲಿದೆ. ಆ ನಡುವಿನ ವಾರದಲ್ಲಿ ಬಳಸಿದ ಬೆಳ್ಳುಳ್ಳಿ ರಸವೋ ಮತ್ತೊಂದೋ ಗುಣಪಡಿಸಿತೆಂಬ ಕೀರ್ತಿ ಪಡೆದದ್ದೂ ಹೀಗೆಯೇ.

ಬಿಳಿಚುಕ್ಕೆಗಿಂತ ಘೋರವಾದದ್ದು ಅಮೈಲೋಊಡಿನಿಯಂ ಓಸೆಲೇಟಮ್ ಎಂಬ ಡೈನೊಫ್ಲಾಜೆಲೇಟ್ ಜೀವಿಯಿಂದ ಬರುವ ವೆಲ್ವೆಟ್ ರೋಗ. ಇದರ ಕಣಗಳು ಪುಡಿ ಉದುರಿಸಿದಷ್ಟು ಸಣ್ಣವಾಗಿದ್ದು, ಓರೆಯಾಗಿ ಬೆಳಕು ಬೀರಿದಾಗ ಮಾತ್ರ ಚಿನ್ನದ ಧೂಳಿನಂತೆ ಹೊಳೆಯುತ್ತವೆ. ಮೊದಲು ಕಿವಿರಿಗೆ ತಗಲುವ ಕಾರಣ ಮೈಮೇಲೆ ಏನೂ ಕಾಣುವ ಮುನ್ನವೇ, ಕೆಲವೊಮ್ಮೆ ಒಂದೇ ದಿನದೊಳಗೆ, ಮೀನು ಸಾಯುವುದುಂಟು. ಕೆರೆತದಲ್ಲಿ ಇದು ಅಲುಗಾಡದ, ಪೇರಳೆ ಹಣ್ಣಿನ ಆಕಾರದ ಕಂದು ಕಣವಾಗಿ ಬೇರಿನಂಥ ಎಳೆಗಳಿಂದ ಅಂಟಿರುತ್ತದೆ. ಒಳಗೆ ಪಿಷ್ಟ ಇರುವುದರಿಂದ ಅಯೋಡಿನ್ ಹನಿ ಹಾಕಿದರೆ ಕಪ್ಪಾಗುತ್ತದೆ. ಸುತ್ತುವುದು ಕ್ರಿಪ್ಟೊಕೇರಿಯಾನ್, ಸುಮ್ಮನಿರುವುದು ಅಮೈಲೋಊಡಿನಿಯಂ ಎಂಬಷ್ಟು ತಿಳಿದರೂ ಅರ್ಧ ಗೆದ್ದಂತೆ.

ಬ್ರೂಕ್ಲಿನೆಲ್ಲ ಹಾಸ್ಟಿಲಿಸ್ ಎಂಬ ಪರೋಪಜೀವಿಯನ್ನು 1970ರಲ್ಲಿ ಲೋಮ್ ಮತ್ತು ನಿಗ್ರೆಲಿ ಎಂಬ ಸಂಶೋಧಕರು ಹೆಸರಿಸಿದರು. ಕ್ಲೌನ್ ಮೀನುಗಳಲ್ಲಿ ಹೆಚ್ಚಾಗಿರುವ ಈ ಸೋಂಕಿನಲ್ಲಿ ಚುಕ್ಕೆಗಳಿಲ್ಲ, ದಪ್ಪ ಬಿಳಿ ಲೋಳೆ ಹಾಳೆಹಾಳೆಯಾಗಿ ಸುಲಿದುಬರುತ್ತದೆ. ಹುರುಳಿಬೀಜದ ಆಕಾರದ ಜೀವಿಗಳು ಕೆರೆತದಲ್ಲಿ ಜಾರುತ್ತ ಓಡಾಡುತ್ತವೆ. ಇದರ ಮೇಲೆ ತಾಮ್ರದ ಪ್ರಭಾವವಿಲ್ಲ. ಬಿಳಿಚುಕ್ಕೆಯೆಂದು ತಿಳಿದು ತಾಮ್ರ ಹಾಕಿ ಕಾಯುತ್ತ ಕುಳಿತರೆ ಎರಡು ಮೂರು ದಿನಗಳಲ್ಲಿ ಮೀನು ಕೈಬಿಡುತ್ತದೆ. ಯೂರೊನೀಮಾ ಮತ್ತು ಅದರ ಹತ್ತಿರದ ಲೋಮಜೀವಿಗಳು ಇನ್ನೊಂದು ಬಗೆಯವು. ನೀರಿನಲ್ಲಿ ಬ್ಯಾಕ್ಟೀರಿಯಾ ತಿಂದು ಸ್ವತಂತ್ರವಾಗಿ ಬದುಕಬಲ್ಲ ಇವು ಬಳಲಿದ ಮೀನಿನ, ಅದರಲ್ಲೂ ಹಸಿರು ಕ್ರೋಮಿಸ್, ಆಂಥಿಯಸ್ ಮತ್ತು ಕಡಲಕುದುರೆಗಳ, ಪಕ್ಕೆಯಲ್ಲಿ ಕೆಂಪು ಹುಣ್ಣು ಮಾಡಿ ಸ್ನಾಯುವಿನೊಳಕ್ಕೆ ಇಳಿಯುತ್ತವೆ. ಹೀಗೆ ಆಳಕ್ಕಿಳಿದ ಮೇಲೆ ನೀರಿನ ಔಷಧ ಅವನ್ನು ಮುಟ್ಟುವುದಿಲ್ಲವಾದ್ದರಿಂದ ಯೂರೊನೀಮಾ ಹುಣ್ಣಿನ ಮೀನು ಉಳಿಯುವುದು ವಿರಳ.

ಚಪ್ಪಟೆ ಹುಳುಗಳ ಪೈಕಿ ನಿಯೋಬೆನೆಡೆನಿಯಾ ಮೆಲ್ಲೆನಿ ಹೆಚ್ಚು ಹಾನಿಕರ. ನ್ಯೂಯಾರ್ಕ್ ಅಕ್ವೇರಿಯಂನ ಮೀನುಗಳಿಂದ 1927ರಲ್ಲಿ ಮೊದಲು ವಿವರಿಸಲಾದ ಈ ಹುಳು ಹಲವು ಮಿಲಿಮೀಟರ್ ಉದ್ದವಿದ್ದರೂ ಪಾರದರ್ಶಕವಾದುದರಿಂದ ಕಾಣದೆ, ಮೀನಿನ ಕಣ್ಣು ಮಬ್ಬಾಗಿ ಮೈ ಕೆಂಪೇರಿದ ಮೇಲಷ್ಟೇ ಸಂಶಯಕ್ಕೆ ಎಡೆಯಾಗುತ್ತದೆ. ಸಿಹಿನೀರಿನಲ್ಲಿ ಐದು ನಿಮಿಷ ಅದ್ದಿದರೆ ಹುಳುಗಳು ಬೆಳ್ಳಗಾಗಿ ಉದುರುತ್ತವೆ. ಪಾತ್ರೆಯ ತಳದಲ್ಲಿ ಅವನ್ನು ಎಣಿಸಬಹುದಾದ್ದರಿಂದ ಇದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಹಳದಿ ಟ್ಯಾಂಗಿನ ಮೈಮೇಲೆ ಕರಿ ಎಳ್ಳಿನಂತೆ ಕಾಣುವ ಚುಕ್ಕೆಗಳು ಪ್ಯಾರಾವೋರ್ಟೆಕ್ಸ್ ಎಂಬ ಬೇರೊಂದು ಹುಳುವಿನವು, ಅಷ್ಟೇನೂ ಅಪಾಯಕಾರಿಯಲ್ಲ.

ಬ್ಯಾಕ್ಟೀರಿಯಾ ಮತ್ತು ವೈರಸ್

ತೆರೆದ ಕೆಂಪು ಹುಣ್ಣುಗಳಲ್ಲಿ ಹೆಚ್ಚಾಗಿ ದೊರೆಯುವವು ವಿಬ್ರಿಯೊ ಕುಲದ ಬ್ಯಾಕ್ಟೀರಿಯಾಗಳು ಮತ್ತು ಅವುಗಳ ಬಂಧುವಾದ ಫೋಟೊಬ್ಯಾಕ್ಟೀರಿಯಂ ಡ್ಯಾಮ್ಸೆಲೆ. ಎರಡನೆಯದನ್ನು ಕ್ಯಾಲಿಫೋರ್ನಿಯಾ ಕರಾವಳಿಯ ಡ್ಯಾಮ್ಸೆಲ್ ಮೀನಿನ ಹುಣ್ಣುಗಳಿಂದ ಬೇರ್ಪಡಿಸಿ 1981ರಲ್ಲಿ ವಿವರಿಸಲಾಯಿತು. ಇವು ಕಡಲ ನೀರಿನಲ್ಲಿ ಸದಾ ಇರುವಂಥವು; ಆದ್ದರಿಂದ ಹುಣ್ಣಿನಿಂದ ವಿಬ್ರಿಯೊ ಬೆಳೆದುಬಂತೆಂಬ ವರದಿಯೊಂದೇ ಅದು ಮೂಲ ಕಾರಣವೆಂಬುದಕ್ಕೆ ಸಾಕ್ಷಿಯಾಗದು. ಪರೋಪಜೀವಿಯ ಕಡಿತ ಅಥವಾ ಬಲೆಯ ಗೀರು ತೆರೆದ ಬಾಗಿಲಿನಿಂದ ಅವು ಒಳಹೊಕ್ಕಿರುವುದೇ ಹೆಚ್ಚು. ಮೂತ್ರಪಿಂಡದಿಂದಲೂ ಅದೇ ತಳಿ ಸಿಕ್ಕರೆ ರಕ್ತಸೋಂಕೆಂದು ಖಚಿತವಾಗಿ ಹೇಳಬಹುದು. ಬ್ಯಾಕ್ಟೀರಿಯಾ ಬೆಳೆಸುವ ಕೃಷಿಮಾಧ್ಯಮಕ್ಕೆ ಉಪ್ಪು ಸೇರಿಸದಿದ್ದರೆ ಈ ಬ್ಯಾಕ್ಟೀರಿಯಾಗಳಲ್ಲಿ ಹಲವು ಬೆಳೆಯುವುದೇ ಇಲ್ಲವೆಂಬುದನ್ನು ಮನುಷ್ಯರ ಮಾದರಿಗಳಿಗೆ ಒಗ್ಗಿದ ಪ್ರಯೋಗಾಲಯಗಳು ಮರೆಯುವುದುಂಟು. ಕರ್ನಾಟಕದಲ್ಲಿ ವಿಬ್ರಿಯೊ ಕುಲದ ಅಧ್ಯಯನಕ್ಕೆ ನೆಲೆಯಾದದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜು. ಅಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ನಡೆಸಿದ ಸಂಶೋಧನೆ ಮುಖ್ಯವಾಗಿ ಸಿಗಡಿ ಸಾಕಣೆ ಹಾಗೂ ಆಹಾರ ಸುರಕ್ಷತೆಯದಾದರೂ ವಿಧಾನಗಳು ಇಲ್ಲಿಗೂ ಸಲ್ಲುತ್ತವೆ.

ವಾಸಿಯಾಗದ, ನಿಧಾನವಾಗಿ ಹರಡುವ ಹುಣ್ಣಿನ ಜೊತೆಗೆ ಮೀನು ಮೇಯುತ್ತಲೇ ಸೊರಗುತ್ತಿದ್ದರೆ ಮೈಕೊಬ್ಯಾಕ್ಟೀರಿಯಂ ಮರೈನಮ್ ನೆನಪಾಗಬೇಕು. ಕ್ಷಯದ ಬ್ಯಾಕ್ಟೀರಿಯಾದ ಸಂಬಂಧಿಯಾದ ಇದನ್ನು ಫಿಲಡೆಲ್ಫಿಯಾ ಅಕ್ವೇರಿಯಂನ ಸಮುದ್ರ ಮೀನುಗಳಲ್ಲಿ ಅರಾನ್ಸನ್ ಎಂಬ ಸಂಶೋಧಕರು 1926ರಲ್ಲಿ ಗುರುತಿಸಿದರು. ಮೀನಿನಲ್ಲಿ ಇದಕ್ಕೆ ನಂಬಬಹುದಾದ ಚಿಕಿತ್ಸೆಯಿಲ್ಲ. ಕೈಮೇಲಿನ ಗೀರಿನ ಮೂಲಕ ಮನುಷ್ಯರಿಗೂ ತಗಲಿ, ಬೆರಳು ಮುಂಗೈಗಳಲ್ಲಿ ತಿಂಗಳುಗಟ್ಟಲೆ ಔಷಧ ಬೇಡುವ ಗಂಟುಗಳನ್ನು ಎಬ್ಬಿಸುವುದರಿಂದ ತೊಟ್ಟಿಗೆ ಕೈ ಹಾಕುವವರು ಕೈಗವಸು ಧರಿಸಬೇಕು. ಅಂಥ ಗಂಟು ಕಂಡಾಗ ವೈದ್ಯರಿಗೆ ಮೀನುತೊಟ್ಟಿಯ ವಿಷಯ ತಿಳಿಸದಿದ್ದರೆ ರೋಗ ಪತ್ತೆಯಾಗಲು ಬಹುಕಾಲ ಹಿಡಿಯುತ್ತದೆ.

ಲಿಂಫೊಸಿಸ್ಟಿಸ್ ಎಂಬ ವೈರಸ್ ರೋಗದಲ್ಲಿ ರೆಕ್ಕೆಗಳ ಮೇಲೆ ಹೂಕೋಸಿನಂಥ ಬಿಳಿ ಗಂಟುಗಳು ಮೂಡುತ್ತವೆ. ಒಳಚರ್ಮದ ಒಂದೊಂದು ಕೋಶವೂ ಸಾವಿರಾರು ಪಟ್ಟು ಹಿಗ್ಗಿ ಬರಿಗಣ್ಣಿಗೆ ಕಾಣುವಷ್ಟಾಗುವುದು ಇದರ ವೈಶಿಷ್ಟ್ಯ. ನೋಡಲು ವಿಕಾರವಾದರೂ ನೀರು, ಮೇವು ಸರಿಯಿದ್ದರೆ ವಾರಗಳಲ್ಲಿ ತಾನೇ ಉದುರಿಹೋಗುತ್ತದೆ. ಕತ್ತರಿಸಲು, ಸುಡಲು ಹೊರಡುವುದು ಅನಗತ್ಯ.

ಸೋಂಕಿಲ್ಲದ ಗಾಯಗಳು

ಸರ್ಜನ್ ಮತ್ತು ಏಂಜೆಲ್ ಮೀನುಗಳ ಮುಖದಲ್ಲಿ ಗುಳಿಗಳು ಬಿದ್ದು, ಪಕ್ಕೆಯುದ್ದಕ್ಕೂ ಸಾಗುವ ಪಾರ್ಶ್ವರೇಖೆಯೆಂಬ ಸಂವೇದನಾಂಗದ ಗುಂಟ ಚರ್ಮ ಸವೆಯುವ ವಿಕಾರಕ್ಕೆ ದಶಕಗಳ ಕಾಲ ಜೀವಸತ್ವದ ಕೊರತೆ, ನೀರಿಗೆ ಸೋರಿದ ವಿದ್ಯುತ್ತು, ವೈರಸ್ ಎಂದು ನಾನಾ ಕಾರಣಗಳನ್ನು ಹೇಳಲಾಗುತ್ತಿತ್ತು. ಹೆಮ್‌ಡಾಲ್ ಮತ್ತು ಓಡಮ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀರು ಶುದ್ಧಿಗೆಂದು ಬಳಸುವ ಲಿಗ್ನೈಟ್ ಮೂಲದ ಸಕ್ರಿಯ ಇದ್ದಿಲಿಗೆ ಒಡ್ಡಿದ ಓಷನ್ ಸರ್ಜನ್ ಮೀನುಗಳಲ್ಲಿ ಈ ಸವೆತ ಉಂಟಾಯಿತು. ಅಲ್ಲಿಂದೀಚೆಗೆ ಮೊದಲು ಇದ್ದಿಲನ್ನು ತೆಗೆಯುವುದು, ಇಲ್ಲವೇ ಧೂಳು ಬಿಡದ ಗಟ್ಟಿ ಬಗೆಗೆ ಬದಲಾಯಿಸುವುದು ರೂಢಿಗೆ ಬಂದಿದೆ. ಆಹಾರದ ಪಾತ್ರವನ್ನು ಆ ಪ್ರಯೋಗ ಅಲ್ಲಗಳೆಯುವುದಿಲ್ಲ. ಹೀಟರಿಗೆ ಒರಗಿ ಸುಟ್ಟದ್ದು, ಪಂಪಿಗೆ ಸಿಕ್ಕಿ ಹರಿದದ್ದು, ಸರ್ಜನ್ ಮೀನುಗಳು ಬಾಲದ ಬುಡದ ಅಲಗಿನಿಂದ ಒಂದನ್ನೊಂದು ಸೀಳಿದ್ದು ಇವನ್ನು ಗುರುತಿಸಲು ಸೂಕ್ಷ್ಮದರ್ಶಕ ಬೇಕಿಲ್ಲ.

ಚಿಕಿತ್ಸೆ

ಚಿಕಿತ್ಸೆ ನಡೆಯಬೇಕಾದದ್ದು ಪ್ರದರ್ಶನದ ತೊಟ್ಟಿಯಲ್ಲಲ್ಲ, ಮರಳು ಕಲ್ಲುಗಳಿಲ್ಲದ ಪ್ರತ್ಯೇಕ ತೊಟ್ಟಿಯಲ್ಲಿ. ಬಿಳಿಚುಕ್ಕೆ ಮತ್ತು ವೆಲ್ವೆಟ್‌ಗೆ ಪ್ರಮುಖ ಔಷಧವಾದ ತಾಮ್ರ ಹವಳ, ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಸುಣ್ಣದ ಕಲ್ಲು ಅದನ್ನು ಹೀರಿಕೊಂಡು ಔಷಧದ ಮಟ್ಟವನ್ನು ಇಳಿಸುತ್ತದೆ. ಅಯಾನು ರೂಪದ ತಾಮ್ರವನ್ನು ಲೀಟರಿಗೆ 0.15ರಿಂದ 0.20 ಮಿಲಿಗ್ರಾಮಿನಲ್ಲಿ, ಅಂದರೆ ಕಡಿಮೆಯಾದರೆ ನಿರರ್ಥಕವೂ ಹೆಚ್ಚಾದರೆ ವಿಷವೂ ಆಗುವ ಕಿರಿದಾದ ಅಂತರದಲ್ಲಿ, ದಿನಕ್ಕೆ ಎರಡು ಸಲ ಅಳೆಯುತ್ತ ಮೂರು ವಾರಗಳಿಗೆ ಕಡಿಮೆಯಿಲ್ಲದಂತೆ ಉಳಿಸಿಕೊಳ್ಳಬೇಕು. ಬೇರೆ ಅಣುಗಳಿಗೆ ಬಂಧಿಸಿದ ತಾಮ್ರದ ತಯಾರಿಕೆಗಳ ಪ್ರಮಾಣ ಬೇರೆಯಾಗಿದ್ದು ಅವುಗಳ ಸೂಚನೆಯಂತೆಯೇ ನಡೆಯಬೇಕು. ತಾಮ್ರ ಕೊಲ್ಲುವುದು ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿನದಕ್ಕೂ ಕವಚದೊಳಗಿನದಕ್ಕೂ ಅದು ತಟ್ಟುವುದಿಲ್ಲ, ಅವಧಿ ದೀರ್ಘವಾಗಿರುವುದು ಅದಕ್ಕಾಗಿ. ಕ್ಲೋರೋಕ್ವಿನ್ ಫಾಸ್ಫೇಟನ್ನು ಲೀಟರಿಗೆ 10ರಿಂದ 15 ಮಿಲಿಗ್ರಾಮಿನಂತೆ ಬಳಸುವುದೂ ಉಂಟು.

ಔಷಧವಿಲ್ಲದ ಎರಡು ದಾರಿಗಳು ಬಿಳಿಚುಕ್ಕೆಗಿವೆ. ಲವಣತೆಯನ್ನು ಸಾವಿರಕ್ಕೆ 15 ಭಾಗ ಅಥವಾ ಅದಕ್ಕೂ ಕೆಳಕ್ಕೆ ನಿಧಾನವಾಗಿ ಇಳಿಸಿ ಮೂರು ನಾಲ್ಕು ವಾರ ಇಟ್ಟರೆ ಕವಚದೊಳಗಿನ ಜೀವಿಗಳು ಒಡೆಯುತ್ತವೆ. ಆದರೆ ಕಡಿಮೆ ಉಪ್ಪಿಗೆ ಒಗ್ಗಿದ ತಳಿಗಳೂ ಇವೆ ಮತ್ತು ವೆಲ್ವೆಟ್‌ಗೆ ಈ ವಿಧಾನ ಉಪಯೋಗವಿಲ್ಲ. ಹುಣ್ಣಿನ ಮೀನಿಗೆ ನೀರು ಸೋರುವ ಹೊರೆ ಇದರಿಂದ ತಗ್ಗುವುದು ಹೆಚ್ಚಿನ ಲಾಭ. ಇನ್ನೊಂದು, ಮೀನನ್ನು ಪ್ರತಿ ಮೂರು ದಿನಗಳಿಗೊಮ್ಮೆ ಒಣಗಿಸಿ ಶುದ್ಧಗೊಳಿಸಿದ ತೊಟ್ಟಿಗೆ ನಾಲ್ಕು ಸಲ ವರ್ಗಾಯಿಸುವುದು. ಕಳಚಿಬಿದ್ದ ಪರೋಪಜೀವಿ ಮರಿ ಮಾಡುವ ಮುನ್ನವೇ ಮೀನು ಅಲ್ಲಿಂದ ಹೊರಟಿರುತ್ತದೆ. ಶ್ರಮದ ಕೆಲಸವಾದರೂ ಎಳೆಯ ಮತ್ತು ಸೂಕ್ಷ್ಮ ಮೀನುಗಳಿಗೆ ಇದಕ್ಕಿಂತ ಸೌಮ್ಯವಾದುದಿಲ್ಲ.

ಬ್ರೂಕ್ಲಿನೆಲ್ಲಕ್ಕೆ ಫಾರ್ಮಲಿನ್ ಸ್ನಾನವೇ ಮದ್ದು. ಅದು ನೀರಿನ ಆಮ್ಲಜನಕವನ್ನು ಇಳಿಸುವುದರಿಂದ ಗಾಳಿ ಊದುತ್ತಲೇ, ಒಂದು ಗಂಟೆ ಮೀರದಂತೆ, ಮೀನಿನ ಪಕ್ಕದಲ್ಲೇ ಕುಳಿತು ಮಾಡಬೇಕಾದ ಕೆಲಸ; ಸೀಸೆಯ ತಳದಲ್ಲಿ ಬಿಳಿ ಗಸಿ ಕಟ್ಟಿದ ಫಾರ್ಮಲಿನ್ ಹೆಚ್ಚು ವಿಷಕಾರಿಯಾದುದರಿಂದ ತ್ಯಾಜ್ಯ. ಚಪ್ಪಟೆ ಹುಳುಗಳಿಗೆ ಪ್ರಾಜಿಕ್ವಾಂಟೆಲ್ ಕೊಡಲಾಗುತ್ತದೆ. ಮೊಟ್ಟೆಗಳನ್ನು ಅದು ಕೊಲ್ಲದ ಕಾರಣ ಮರಿಯೊಡೆಯುವ ಕಾಲ ನೋಡಿ ಮತ್ತೆ ಕೊಡಬೇಕು.

ಬ್ಯಾಕ್ಟೀರಿಯಾ ಸೋಂಕಿನಲ್ಲಿ ಪ್ರತಿಜೀವಕವನ್ನು ನೀರಿಗೆ ಬೆರೆಸುವುದು ದುರ್ಬಲ ಉಪಾಯ. ಟೆಟ್ರಾಸೈಕ್ಲಿನ್ ಗುಂಪಿನವು ಕಡಲ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳಿಗೆ ಅಂಟಿಕೊಂಡು ನಿಷ್ಕ್ರಿಯವಾಗುತ್ತವೆ. ಉಳಿದವು ತೊಟ್ಟಿಯ ಅಮೋನಿಯಾ ನಿವಾರಿಸುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಹುದು. ಮೇಯುವ ಮೀನಿಗೆ ಆಹಾರದಲ್ಲಿ, ಮೇವು ಬಿಟ್ಟದ್ದಕ್ಕೆ ಚುಚ್ಚುಮದ್ದಿನಲ್ಲಿ ಕೊಡುವುದು ಸೂಕ್ತ. ಎನ್ರೋಫ್ಲಾಕ್ಸಾಸಿನ್, ಸೆಫ್ಟಾಜಿಡಿಮ್‌ಗಳು ಪಶುವೈದ್ಯರು ಹೆಚ್ಚಾಗಿ ಆರಿಸುವಂಥವಾಗಿದ್ದು, ಸಾಧ್ಯವಿದ್ದಲ್ಲಿ ಕೃಷಿಪರೀಕ್ಷೆಯ ಫಲಿತಾಂಶ ನೋಡಿಯೇ ಬಳಸುವುದು ಸರಿ. ಮಂಪರಿನಲ್ಲಿರುವ ಮೀನಿನ ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ತೆಳುಗೊಳಿಸಿದ ಪೊವಿಡೋನ್ ಅಯೋಡಿನ್ ಅಥವಾ ಸಿಲ್ವರ್ ಸಲ್ಫಾಡಯಜೀನ್ ಮುಲಾಮು ಹಚ್ಚಿ, ಕಿವಿರಿಗೆ ಹರಿಯದಂತೆ ಬಾಲ ಕೆಳಗಾಗಿ ಹಿಡಿದು ಅರೆನಿಮಿಷದ ನಂತರ ನೀರಿಗೆ ಬಿಡಲಾಗುತ್ತದೆ.

ಶುದ್ಧವಾದ ಸಣ್ಣ ಗಾಯದ ಸುತ್ತಲಿನ ಹೊರಚರ್ಮದ ಕೋಶಗಳು ವಿಭಜನೆಗೂ ಕಾಯದೆ ತಾವೇ ಸರಿದುಬಂದು ಗಂಟೆಗಳ ಲೆಕ್ಕದಲ್ಲಿ ಅದನ್ನು ಮುಚ್ಚುತ್ತವೆ. ಒಳಚರ್ಮ ಮತ್ತು ಹುರುಪೆಗಳಿಗೆ ವಾರಗಳು ಬೇಕು, ನೀರು ತಣ್ಣಗಿದ್ದಷ್ಟೂ ತಡ. ಮೀನು ಗುಣವಾದ ಮಾತ್ರಕ್ಕೆ ಹಳೆಯ ತೊಟ್ಟಿ ಸುರಕ್ಷಿತವಾಗಿರುವುದಿಲ್ಲ. ಬಿಳಿಚುಕ್ಕೆ ಬಂದ ತೊಟ್ಟಿಯನ್ನು ಮೀನುಗಳಿಲ್ಲದೆ ಆರು ವಾರಗಳಾದರೂ ಬರಿದಾಗಿಡಬೇಕು. ಎಪ್ಪತ್ತು ದಿನಗಳಿಗೂ ಮೀರಿ ಬಾಳಿದ ಕವಚಗಳ ವರದಿಯಿರುವುದರಿಂದ 76 ದಿನಗಳೆಂಬ ಲೆಕ್ಕವನ್ನು ಅನೇಕ ಸಾಕಣೆದಾರರು ಪಾಲಿಸುತ್ತಾರೆ. ಹೊಸ ಮೀನನ್ನು ನಾಲ್ಕರಿಂದ ಆರು ವಾರ ಪ್ರತ್ಯೇಕವಾಗಿಟ್ಟು ಗಮನಿಸುವ ನಿಯಮವನ್ನು ಪಾಲಿಸಿಯೂ ಸೋಂಕು ಬಂದ ಕಡೆಗಳಲ್ಲಿ ಅದು ಹವಳದ ತುಂಡಿನ ಬುಡದಲ್ಲೋ ಬಸವನಹುಳುವಿನ ಚಿಪ್ಪಿನ ಮೇಲೋ ಕವಚವಾಗಿ ಅಂಟಿಕೊಂಡು ಬಂದಿರುತ್ತದೆ. ಅವುಗಳನ್ನೂ ಮೀನಿಲ್ಲದ ತೊಟ್ಟಿಯಲ್ಲಿ ಅಷ್ಟೇ ಕಾಲ ಇರಿಸಬೇಕಾಗುತ್ತದೆ.